ಸರಿಯಣ್ಣನ ಎರಡು ಬೆರಳು

ನಮ್ಮಣ್ಣನಿಗೆ ಗ್ಯಾರೇಜಿನವರು ಇಟ್ಟ ಹೆಸರು ಸರಿಯಣ್ಣ. ಎಂಜಿನ್ ಬಿಚ್ಚಿ ಕಟ್ಟುವುದರಲ್ಲೇ ಮೂವತ್ತು ವರ್ಷ ಕಳೆದವನು. ಮಾತು ಕಡಿಮೆ, ಆಡಿದರೂ ಹೆಚ್ಚಾಗಿ ಅದೊಂದೇ ಮಾತು. ಅವನ ಬಾಯಿಂದ ‘ಸರಿ’ ಬಿತ್ತು ಎಂದರೆ ಆ ಎಂಜಿನ್ ಬಗ್ಗೆ ಮತ್ತೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ನಾನು ಅವನ ತಂಗಿ. ಗಂಡ ತೀರಿಕೊಂಡ ವರ್ಷದಿಂದ ಅವನ ಶೆಡ್ಡಿನಲ್ಲೇ ಕೆಲಸ. ಅವನು ಸಿಲಿಂಡರಿನೊಳಗೆ ಗೇಜು ಇಳಿಸಿ ಮೇಲೆಷ್ಟು ಸವೆದಿದೆ, ನಡುವೆ ಎಷ್ಟು, ಕೆಳಗೆ ಎಷ್ಟು ಎಂದು ಕೂಗುತ್ತಿದ್ದ. ನಾನು ಬ್ಲಾಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ನನ್ನ ಏಳು ಒಂದರ ಹಾಗೆ ಕಾಣುತ್ತದೆ ಎಂದು ದಿನಾ ಬೈಯುತ್ತಿದ್ದ. ಕನ್ನಡಕ ಬದಲಿಸು ಎಂದು ನಾನೂ ಬಿಡುತ್ತಿರಲಿಲ್ಲ.

ಅಲ್ಲಿಯವರೆಗೆ ಗೇಜಿನ ಕೆಲಸ. ಕೊನೆಯದು ಮಾತ್ರ ಬೆರಳಿನದು. ಪ್ರತಿ ಸಿಲಿಂಡರನ್ನೂ ಅದರದೇ ಪಿಸ್ಟನ್ನಿಗೆ ತಕ್ಕಂತೆ ಉಜ್ಜಿ ನಯ ಮಾಡಿದ ಮೇಲೆ, ಪಿಸ್ಟನ್ನನ್ನು ತಲೆಕೆಳಗಾಗಿ ಇಳಿಸಿ, ಪಕ್ಕದ ಸಂದಿಯಲ್ಲಿ ಕಾಗದಕ್ಕಿಂತ ತೆಳ್ಳಗಿನ ಉಕ್ಕಿನ ಪಟ್ಟಿ ತೂರಿಸಿ ಎಳೆಯಬೇಕು. ಸಲೀಸಾಗಿ ಬಂದರೆ ಸಡಿಲ. ಎಂಜಿನ್ ಎಣ್ಣೆ ಕುಡಿಯುತ್ತದೆ. ಹಟ ಮಾಡಿದರೆ ಬಿಗಿ. ಬಿಸಿಯೇರಿದಾಗ ಪಿಸ್ಟನ್ ಕಚ್ಚಿಕೊಂಡು ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಪುಸ್ತಕದ ಪ್ರಕಾರ ಪಟ್ಟಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಷ್ಟು ಎಳೆತ ಬೇಕೆಂದು ನೋಡಬೇಕು. ಅಣ್ಣ ತಕ್ಕಡಿ ಎಂದರೆ ಮೂಗು ಮುರಿಯುತ್ತಿದ್ದ. ಕಣ್ಣು ಮುಚ್ಚಿ, ಎರಡೇ ಬೆರಳಲ್ಲಿ ಎಳೆಯುತ್ತಿದ್ದ.

ಪಿಸ್ಟನ್ನಿಗೆ ಪಿನ್ ಕೂರಿಸುವ ಮುಂಚೆ ಅದನ್ನು ಕುದಿಯುವ ನೀರಿನಲ್ಲಿ ಬಿಸಿ ಮಾಡುತ್ತೇವೆ. ಎರಡು ವರ್ಷದಿಂದ ಅಣ್ಣ ಅದನ್ನು ಬರಿಗೈಯಲ್ಲೇ ಎತ್ತತೊಡಗಿದ್ದ. “ಸರಿಯಣ್ಣಂದು ಕೈಯಲ್ಲ ಕಣ್ರೀ, ಇಕ್ಕಳ!” ಎಂದು ಪಕ್ಕದ ಟಯರಿನವನು ನಾಲ್ಕು ಜನರನ್ನು ಕರೆದು ತೋರಿಸುತ್ತಿದ್ದ. ನಾನೂ ನಕ್ಕಿದ್ದೆ. ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಿದ್ದೂ, ಬೆರಳ ಮೇಲೆ ಬೊಬ್ಬೆ ಕಂಡೂ ನಕ್ಕಿದ್ದೆ. ಆ ನಗು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಒಂದು ದಿನ ಪಿಸ್ಟನ್‌ಗಳನ್ನು ತೊಳೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ನಿಂತದ್ದು ಮೇಜಿನ ಆಚೆ ಬದಿಗೆ; ನನ್ನ ಎಡ ಅವನ ಬಲ. ಗುರುತಿನ ಅಂಕಿಗಳು ಸೀಮೆಎಣ್ಣೆಯಲ್ಲಿ ಅಳಿಸಿಹೋಗಿದ್ದವು. ಒಂದನೆಯದು ನಾಲ್ಕರಲ್ಲಿ ಇಳಿಯಿತು, ನಾಲ್ಕನೆಯದು ಒಂದರಲ್ಲಿ, ನಡುವಿನ ಎರಡೂ ಅದಲುಬದಲು. ಅಣ್ಣ ಕಣ್ಣು ಮುಚ್ಚಿ ನಾಲ್ಕನ್ನೂ ಎಳೆದ. ನಾಲ್ಕಕ್ಕೂ ಸರಿ ಎಂದ.

ತಪ್ಪು ನನಗೆ ಹೊಳೆದದ್ದು ಅವನು ಊಟಕ್ಕೆ ಹೋದ ಮೇಲೆ. ನಾನೇ ಎಳೆದು ನೋಡಿದೆ. ಒಂದರಲ್ಲಿ ಪಟ್ಟಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ನಾಲ್ಕರಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಚಿಕ್ಕ ಮಗುವಿಗೂ ಗೊತ್ತಾಗುವಷ್ಟು ವ್ಯತ್ಯಾಸ. ಬೊಬ್ಬೆ ಎದ್ದರೂ ಉರಿ ತಿಳಿಯದ ಅವನ ಬೆರಳುಗಳಿಗೆ ಇದೂ ತಿಳಿದಿರಲಿಲ್ಲ.

ಹೇಳಬೇಕಿತ್ತು. ಹೇಳಲಿಲ್ಲ. ಆ ಎರಡು ಬೆರಳು ಬಿಟ್ಟರೆ ಅವನಿಗೆ ಹೆಮ್ಮೆಪಡಲು ಬೇರೇನಿತ್ತು? ಪಿಸ್ಟನ್‌ಗಳನ್ನು ಸದ್ದಿಲ್ಲದೆ ಸರಿಪಡಿಸಿದೆ. ಒಂದು ಸ್ಪ್ರಿಂಗ್ ತಕ್ಕಡಿ ತಂದು ಹಳೇ ಎಣ್ಣೆ ಡಬ್ಬದಲ್ಲಿ ಬಚ್ಚಿಟ್ಟೆ. ಅವನು ಊಟಕ್ಕೆ ಹೊರಟರೆ ಸಾಕು, ಕಳ್ಳಿಯ ಹಾಗೆ ಅವನು ಸರಿ ಎಂದದ್ದನ್ನೆಲ್ಲ ಮತ್ತೆ ಎಳೆದು ನೋಡುತ್ತಿದ್ದೆ. ಬಿಗಿ ಇದ್ದುದನ್ನು ನಾನೇ ಉಜ್ಜುತ್ತಿದ್ದೆ. ಹೀಗೆ ನಾಲ್ಕು ತಿಂಗಳು ನಡೆಯಿತು.

ಸ್ಕೂಲ್ ವ್ಯಾನಿನ ಎಂಜಿನ್ ಬಂದಾಗ ಸಿಕ್ಕಿಬಿದ್ದೆ. ದಾರಿಯಲ್ಲಿ ಎದುರಾದ ವ್ಯಾನ್ ಡ್ರೈವರನನ್ನು ಕರೆದುಕೊಂಡು ಅಣ್ಣ ಅರ್ಧ ದಾರಿಯಿಂದಲೇ ವಾಪಸು ಬಂದ. ಮೂರನೇ ಸಿಲಿಂಡರಿನ ಪಟ್ಟಿಗೆ ತಕ್ಕಡಿ ಸಿಕ್ಕಿಸಿಕೊಂಡು ನಾನು ನಿಂತಿದ್ದೆ.

“ಏನದು?”

“ತಕ್ಕಡಿ.”

“ಎಷ್ಟು ದಿನದಿಂದ?”

“ನಾಲ್ಕು ತಿಂಗಳಾಯ್ತು ಅಣ್ಣ.”

ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಕೂಗಲಿಲ್ಲ. ತಕ್ಕಡಿ ಬಿಡಿಸಿ ಬದಿಗಿಟ್ಟ, ಬೆರಳು ಒರೆಸಿಕೊಂಡ, ಕಣ್ಣು ಮುಚ್ಚಿ ಎಳೆದ. ಮತ್ತೊಮ್ಮೆ ಎಳೆದ. ಆಮೇಲೆ ಕಣ್ಣು ತೆರೆದು ತನ್ನ ಬೆರಳುಗಳನ್ನೇ ನೋಡುತ್ತ ನಿಂತ.

“ನೀನು ಎಳಿ.”

ಎಳೆದೆ. ಪಟ್ಟಿ ಅರ್ಧಕ್ಕೇ ಹಟ ಹಿಡಿಯಿತು.

“ಬಿಗಿ ಇದೆ ಅಣ್ಣ.”

ಡ್ರೈವರ್ ನಕ್ಕ. “ಏನಮ್ಮಾ, ಸರಿಯಣ್ಣನಿಗೇ ಪಾಠ ಹೇಳ್ತೀಯಾ?”

“ಅವಳು ಹೇಳಿದ್ದೇ ಆಖೈರು,” ಎಂದ ಅಣ್ಣ. “ಅದರಲ್ಲಿ ಮಕ್ಕಳು ಕೂರ್ತಾರೆ. ನಾಳೆ ಬನ್ನಿ.”

ಅವನು ಉಜ್ಜಿದ, ನಾನು ಎಳೆದೆ. ಮತ್ತೆ ಉಜ್ಜಿದ, ಮತ್ತೆ ಎಳೆದೆ. ಮೂರನೇ ಸಲಕ್ಕೆ ಪಟ್ಟಿ ಬೇಕಾದ ಹಾಗೆ ಬಂದಾಗ ಬರೀ ತಲೆಯಾಡಿಸಿದೆ. ಸರಿ ಎನ್ನಲು ನಾಲಗೆ ಏಳಲಿಲ್ಲ.

ನೀರು ಕುದಿಯಿತು. ತಮಾಷೆ ನೋಡಲು ಟಯರಿನವನು ಎಂದಿನಂತೆ ಬಾಗಿಲಿಗೆ ಬಂದ. ಅಣ್ಣ ಡ್ರಾಯರನ್ನೆಲ್ಲ ಜಾಲಾಡಿ, ತುಕ್ಕು ಹಿಡಿದ ಇಕ್ಕಳ ಹುಡುಕಿ ತೆಗೆದ. ಅದರಲ್ಲಿ ಪಿಸ್ಟನ್ ಎತ್ತಿ ಮೇಜಿನ ಮೇಲಿಟ್ಟ. ಟಯರಿನವನ ಮುಖ ಪೆಚ್ಚಾಯಿತು. ತನ್ನ ಅಂಗಡಿಗೆ ಹೊರಟುಹೋದ.

“ಎಷ್ಟು ಬಿಸಿ ಇದೆ, ಮುಟ್ಟಿ ನೋಡು,” ಎಂದ ಅಣ್ಣ.

ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡೆ.

“ಸುಡ್ತಾ?” ಎಂದು ಕೇಳಿದ. ಅವನ ದನಿಯಲ್ಲಿ ಆಸೆಯಿತ್ತು.

“ಹೂಂ ಅಣ್ಣ, ಸುಡ್ತು,” ಎಂದು ಅತ್ತುಬಿಟ್ಟೆ.