ಜೋರು ಮಾತಿನ ಮನೆ

ರೋಗಕ್ಕೆ ಹೆಸರು ಹೇಳಬಲ್ಲ ವೈದ್ಯರು ಹತ್ತಿರದಲ್ಲಿ ಇಲ್ಲದಿರುವುದರ ದಂಡವನ್ನು ತೆತ್ತವರು ದೇವದುರ್ಗದ ಅಮರೇಶ ಮತ್ತು ಅವನ ತಾಯಿ ಶರಣಮ್ಮ. ಬೇರೆ ಯಾರೂ ಏನನ್ನೂ ತೆತ್ತಿಲ್ಲ. ಇದನ್ನು ಮೊದಲೇ ಹೇಳಿ, ಅವರಿಬ್ಬರ ಜೊತೆ ನಾನು ಮಾಡಿದ ಪ್ರಯಾಣದ ವಿವರಕ್ಕೆ ಬರುತ್ತೇನೆ.

ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ರಾಯಚೂರಿನಿಂದ ದೇವದುರ್ಗದ ಬಸ್ಸು ಹಿಡಿದೆ. ದೂರ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಕಲ್ಮಲಾ ದಾಟುವಷ್ಟರಲ್ಲೇ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು. ಗಬ್ಬೂರಿನ ಆಚೀಚೆ ಕಣಗಳಲ್ಲಿ ಒಣಹಾಕಿದ ಮೆಣಸಿನಕಾಯಿಯ ಘಾಟಿಗೆ ಬಸ್ಸಿನಲ್ಲಿದ್ದವರೆಲ್ಲ ಸೀನುತ್ತಿದ್ದರು. ಕಂಡಕ್ಟರು ನನ್ನ ಕೈಗೆ ಶೂನ್ಯ ದರದ ಟಿಕೆಟ್ ಇಟ್ಟರು. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆ, ಅದನ್ನು ಮನಸಾರೆ ಸ್ವಾಗತಿಸಿದವಳು ನಾನು. ಆದರೆ ಆ ಬಸ್ಸು ಇಳಿಸುವ ಊರಿನಲ್ಲಿ ಬೇಕಾದ ವೈದ್ಯರಿಲ್ಲದಿದ್ದರೆ ಉಚಿತ ಟಿಕೆಟ್ಟಿನಿಂದ ಅಲೆದಾಟವಷ್ಟೇ ಹೆಚ್ಚುತ್ತದೆ.

ಅಮರೇಶನಿಗೆ ಇಪ್ಪತ್ತೆರಡು ವರ್ಷ. ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊಲಿಯುವ ಕೆಲಸ. ಶಾಲೆಗೆ ಹೋಗುತ್ತಿದ್ದಾಗಲೇ ಅವನ ಕಿವಿ ಮಂದವಾಯಿತು. ಶಿಬಿರವೊಂದರಲ್ಲಿ ಕಿವಿಯಂತ್ರ ಕೊಟ್ಟು, ಫೋಟೊ ತೆಗೆದು ಕಳುಹಿಸಿದರು; ಯಂತ್ರ ಕೆಟ್ಟು ಮೂಲೆ ಸೇರಿತು. ಈ ವರ್ಷ ಕಾಲು ಬಾತವು, ಮೂತ್ರಕ್ಕೆ ಕಡು ಚಹಾದ ಬಣ್ಣ ಬಂತು. ಕಿವಿಗೆ ಗಿರಣಿಯ ಸದ್ದು ಕಾರಣವೆಂದರು, ಕಾಲಿಗೆ ಬೋರ್‌ವೆಲ್ ನೀರು ಕಾರಣವೆಂದರು, ಎರಡಕ್ಕೂ ಯಾರದೋ ಮಾಟ ಕಾರಣವೆಂದವರೂ ಇದ್ದರು. ಕಡೆಗೆ ಒಂದು ಆಸ್ಪತ್ರೆಯಲ್ಲಿ, ಎರಡೂ ಕಿಡ್ನಿ ಸೋಲುತ್ತಿವೆ, ಇವತ್ತಲ್ಲ ನಾಳೆ ಡಯಾಲಿಸಿಸ್ ಎಂದರು. ಏಕೆ ಸೋಲುತ್ತಿವೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ; ಸ್ಟಿರಾಯ್ಡ್ ಗುಳಿಗೆಯೊಂದನ್ನು ಬರೆದುಕೊಟ್ಟು ಕಳುಹಿಸಿದರು.

ಶರಣಮ್ಮ ನನಗೆ ಪರಿಚಯವಾದದ್ದು ನಮ್ಮ ಮಹಿಳಾ ಸಂಘಟನೆಯ ರಾತ್ರಿ ಶಾಲೆಯಲ್ಲಿ. ಅಂದಿನಿಂದ ನಾನು ಅವರಿಗೆ ‘ಅಕ್ಕೋರು’. ಅವರು ಫೋನಿನಲ್ಲಿ ಅತ್ತ ದಿನದಿಂದ ನಾನು ತಜ್ಞರನ್ನು ಹುಡುಕತೊಡಗಿದ್ದೆ. ಕಿಡ್ನಿಯ ಕಲ್ಲು ತೆಗೆಯುವವರು ಸಿಕ್ಕರು, ಡಯಾಲಿಸಿಸ್ ಯಂತ್ರ ನಡೆಸುವವರು ಸಿಕ್ಕರು. ವಂಶದಲ್ಲಿ ಹರಿದುಬರುವ ಅಪರೂಪದ ಕಿಡ್ನಿ ರೋಗಗಳನ್ನು ಬಲ್ಲವರು ಸಿಕ್ಕಿದ್ದು ಕೊನೆಗೆ. ಹೈದರಾಬಾದಿನ ವೈದ್ಯೆಯೊಬ್ಬರು ಕೆಲವು ಭಾನುವಾರ ರಾಯಚೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಬರುತ್ತಿದ್ದರು. ಅವರ ಸಹಾಯಕಿ ಫೋನಿನಲ್ಲಿ ಎರಡು ಮಾತು ಹೇಳಿದ್ದಳು: ಹಳೆಯ ವರದಿಗಳನ್ನೆಲ್ಲ ತನ್ನಿ, ಎಳೆಯ ವಯಸ್ಸಿಗೇ ಕಿವಿ, ಕಿಡ್ನಿ ಎರಡೂ ಹೋಗುತ್ತಿವೆ ಎಂದರೆ ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ವಿಚಾರಿಸಿಕೊಂಡು ಬನ್ನಿ.

ದೇವದುರ್ಗದ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಊಟದ ನಡುವೆಯೇ ನಾನು ವಿಚಾರಣೆ ಆರಂಭಿಸಿದೆ. ಉತ್ತರ ಬಂದದ್ದು ಶರಣಮ್ಮನ ಅತ್ತೆ ಗೌರಮ್ಮನವರಿಂದ.

“ನಮ್ಮ ಮನಿತನದಾಗ ಹಿಂಗ ಯಾರಿಗೂ ಆಗಿಲ್ರೀ ಅಕ್ಕೋರ. ನಮ್ಮ ಮಾವ ಹಣ್ಣ ಮುದುಕ ಆದ್ರೂ ಹೊಲಕ್ಕ ಹೊಂಟಿದ್ದ. ಅವನ ಕಿವಿ ಹೆಂಗಂದ್ರ, ನಾ ಅಡಗಿ ಮನ್ಯಾಗ ಬೈದ್ರ ಬಾವಿ ಕಡಿಂದ ಉತ್ತರ ಕೊಡ್ತಿದ್ದ.”

ಅಮರೇಶನಿಗೆ ಇದು ಕೇಳಿಸಲಿಲ್ಲ. ಎಲ್ಲರೂ ನಕ್ಕದ್ದನ್ನು ಕಂಡು ತಾನೂ ನಕ್ಕ. ಅವನ ಮುಖ ಊದಿತ್ತು, ರೆಪ್ಪೆಗಳು ಭಾರವಾಗಿದ್ದವು. ಶರಣಮ್ಮ ಒಲೆಯ ಮುಂದೆ ತಲೆ ಎತ್ತದೆ ರೊಟ್ಟಿ ತಟ್ಟುತ್ತಿದ್ದರು. ಕುಟುಂಬದಲ್ಲಿ ಯಾರಿಗೂ ಇಲ್ಲ ಎಂಬ ಉತ್ತರವನ್ನು ನಾನೂ ನಂಬಿದೆ.

ಹಳೆಯ ವರದಿಗಳು ಮಾನ್ವಿಯಲ್ಲಿದ್ದವು. ಆದ್ದರಿಂದ ಶನಿವಾರ ಮಾನ್ವಿಗೆ ಹೋಗಿ ವರದಿ ಪಡೆದು, ರಾತ್ರಿ ಅದೇ ತಾಲ್ಲೂಕಿನ ಬಾಗಲವಾಡದಲ್ಲಿರುವ ಶರಣಮ್ಮನ ತವರಿನಲ್ಲಿ ತಂಗಿ, ಭಾನುವಾರ ರಾಯಚೂರು ಸೇರುವುದೆಂದು ಗೊತ್ತುಮಾಡಿದೆವು. ಗೌರಮ್ಮ ತಾವೂ ಬರುತ್ತೇನೆಂದು ಹಟ ಹಿಡಿದರು. ಮೊಮ್ಮಗನನ್ನು ಡಾಕ್ಟರಿಗೆ ಒಪ್ಪಿಸುವಾಗ ಮನೆಯ ಹಿರಿಯರೊಬ್ಬರು ಇರಬೇಡವೇ ಎಂಬುದು ಅವರ ವಾದ. ಬುತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ ಕಿಟಕಿಯ ಸೀಟು ಹಿಡಿದವರೂ ಅವರೇ.

ಸಿರವಾರ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಕಾಲುವೆ ನೀರಿನ ಭತ್ತದ ಗದ್ದೆಗಳು, ಅವುಗಳ ಹಿಂದೆ ಗಿರಣಿಯ ಚಿಮಣಿಗಳು. ಗಿರಣಿಯಲ್ಲಿ ಕಿವಿ ಕೇಳದೆ ತೊಂದರೆಯಾಗುವುದಿಲ್ಲವೇ ಎಂದು ನಾನು ಅಮರೇಶನ ಎದುರು ಬಾಗಿ ಕೇಳಿದೆ.

“ಅಲ್ಲಿ ಮಷೀನ್ ಚಾಲೂ ಆತಂದ್ರ ಎಲ್ಲಾರೂ ಕೆಪ್ಪರ ರೀ,” ಎಂದ ಅವನು. “ನಾ ಒಬ್ನ ಶಾಣ್ಯಾ. ತುಟಿ ನೋಡಿ ತಿಳ್ಕೋತೀನಿ.”

ಮಾನ್ವಿಯ ಬಸ್ ನಿಲ್ದಾಣದ ಬಳಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಅಮರೇಶನಿಗೆ ಉಪ್ಪು ಬೇಡವೆಂದು ಗೌರಮ್ಮ ಅವನ ಪಾಲಿನ ಮಿರ್ಚಿಯನ್ನೂ ತಾವೇ ತಿಂದು ಮುಗಿಸಿದರು. ವರದಿಗಳಿದ್ದ ದವಾಖಾನೆ ಒಂದು ಓಣಿಯ ಒಳಗಿತ್ತು. ಅದನ್ನು ನಡೆಸುವಾತನ ಫಲಕದ ಮೇಲೆ ಪದವಿಯ ಅಕ್ಷರಗಳು ಧಾರಾಳವಾಗಿದ್ದವು. ಯಾವ ವಿಶ್ವವಿದ್ಯಾಲಯದ್ದೆಂದು ಕೇಳಿದಾಗ ಆತ ಫ್ಯಾನಿನ ವೇಗ ಹೆಚ್ಚಿಸಿದ. ಸೊಂಟ ನೋವೆಂದು ಬಂದಾಗಲೆಲ್ಲ ಅಮರೇಶನಿಗೆ ನೋವಿನ ಇಂಜೆಕ್ಷನ್ ಕೊಟ್ಟದ್ದನ್ನು ಯಾವ ಅಳುಕೂ ಇಲ್ಲದೆ ಒಪ್ಪಿಕೊಂಡ. ಸೋಲುತ್ತಿರುವ ಕಿಡ್ನಿಗೆ ಆ ಔಷಧ ವಿಷವಾಗುತ್ತದೆ ಎಂದು ಹೇಳಿದೆ. ಕೊಡದಿದ್ದರೆ ಜನ ಪಕ್ಕದ ದವಾಖಾನೆಗೆ ಹೋಗುತ್ತಾರೆ ಎಂದ. ಅವನ ಮಾತು ನಿಜ, ಮತ್ತು ಅದೇ ಈ ತಾಲ್ಲೂಕುಗಳ ದುರಂತ. ಮೂತ್ರದಲ್ಲಿ ರಕ್ತವಿದೆ ಎಂದು ಬರೆದ ವರದಿ ಅವನ ಕಪಾಟಿನಲ್ಲಿ ಎರಡು ವರ್ಷದಿಂದ ಬಿದ್ದಿತ್ತು. ಅದರ ಅರ್ಥವನ್ನು ಯಾರೂ ತಾಯಿಗೆ ಹೇಳಿರಲಿಲ್ಲ.

ಸಂಜೆ ಟಂಟಂ ಆಟೊ ಹಿಡಿದು ಬಾಗಲವಾಡಕ್ಕೆ ಹೋದೆವು. ಶರಣಮ್ಮನ ತಾಯಿ ಈರಮ್ಮ ಕಟ್ಟೆಯ ಮೇಲೆ ನಿಂತು ಎದುರುಗೊಂಡರು.

“ಬರ್ರಿ ಬೀಗತಿ, ದಾರಿ ತಪ್ಪಿ ಬಂದ್ರೇನು?”

“ದಾರಿ ಯಾಕ ತಪ್ತದ ಬೇ? ನಿನ್ನ ದನಿ ಹಿಡ್ಕೊಂಡು ಬಂದೀವಿ. ಟಂಟಂ ಇಳ್ಯಾಕ ಮೊದ್ಲ ಕೇಳಸಾಕತ್ತಿತ್ತು,” ಎಂದರು ಗೌರಮ್ಮ.

ಬೀಗತಿಯರ ಚೇಷ್ಟೆಯೆಂದು ನಾನೂ ನಕ್ಕೆ. ಆದರೆ ಒಳಗೆ ಕುಳಿತ ಸ್ವಲ್ಪ ಹೊತ್ತಿಗೆ ನನಗೆ ಆ ಮಾತಿನಲ್ಲಿ ಉತ್ಪ್ರೇಕ್ಷೆ ಕಾಣಲಿಲ್ಲ. ಆ ಮನೆಯಲ್ಲಿ ಎಲ್ಲರೂ ಜೋರಾಗಿ ಮಾತನಾಡುತ್ತಿದ್ದರು. ಜೋರು ಮಾತ್ರವಲ್ಲ, ಮಾತನಾಡುವ ಮೊದಲು ಎದುರಿನವರ ಭುಜ ಮುಟ್ಟುತ್ತಿದ್ದರು, ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದರು, ತುಟಿಗಳನ್ನು ನಿಧಾನವಾಗಿ ತೆರೆಯುತ್ತಿದ್ದರು. ಈರಮ್ಮ ನೀರು ಬೇಕೇ ಎಂದು ನನ್ನನ್ನು ಕೇಳಿದ್ದೂ ಹಾಗೆಯೇ. ಎರಡು ದಿನ ಎಲ್ಲರ ನಗುವಿನ ಹಿಂದೆ ನಕ್ಕ ಅಮರೇಶ ಇಲ್ಲಿ ಯಾವ ಮಾತನ್ನೂ ಮತ್ತೊಮ್ಮೆ ಕೇಳಲಿಲ್ಲ. ಕಿವಿ ಮಂದವಾದ ಮೊಮ್ಮಗ ಅಪರೂಪಕ್ಕೊಮ್ಮೆ ಬರುವವನು. ಅವನೊಬ್ಬನಿಗಾಗಿ ಇಡೀ ಮನೆ ಇಂಥ ಅಭ್ಯಾಸ ಕಲಿಯುವುದಿಲ್ಲ. ಇದು ಹಳೆಯ ರೂಢಿ.

ಗೋಡೆಯ ಮೇಲೆ ಇಬ್ಬರು ಯುವಕರ ಹಾರ ಹಾಕಿದ ಫೋಟೊಗಳಿದ್ದವು. ಶರಣಮ್ಮನ ತಮ್ಮಂದಿರು. ಏನಾಗಿತ್ತು ಎಂದು ಕೇಳಿದೆ. ಈರಮ್ಮ ಒಮ್ಮೆ ಬೀಗತಿಯ ಕಡೆ ನೋಡಿ, ಜ್ವರ ಬಂದಿತ್ತೆಂದು ಹೇಳಿ ಶೇಂಗಾ ಹಿಂಡಿ ತರಲು ಎದ್ದರು. ಅವರು ಮೆಲ್ಲಗೆ ಹೇಳಿದ್ದು ಆ ಒಂದು ಮಾತನ್ನು ಮಾತ್ರ.

ಬೆಳಿಗ್ಗೆ ನಳದ ಹತ್ತಿರ ಶರಣಮ್ಮ ಒಬ್ಬರೇ ಸಿಕ್ಕಾಗ ನೇರವಾಗಿ ಕೇಳಿದೆ: ನಿಮ್ಮ ತಮ್ಮಂದಿರಿಗೆ ಕಿವಿ ಕೇಳುತ್ತಿತ್ತೇ? ಕೊಡ ತುಂಬಿ ಚೆಲ್ಲುತ್ತಿದ್ದರೂ ಅವರು ನಳ ನಿಲ್ಲಿಸಲಿಲ್ಲ.

“ಅತ್ತಿ ಮುಂದ ಹೇಳಬ್ಯಾಡ್ರಿ ಅಕ್ಕೋರ. ನಿಮ್ಮ ಕಾಲ್ಬೀಳ್ತೀನಿ.”

ತಮ್ಮಂದಿರು ದುಡಿಯಲು ದೂರ ಹೋಗಿದ್ದರಿಂದ ಬೀಗರಿಗೆ ಗೊತ್ತಾಗಿರಲಿಲ್ಲವೆಂದು ತಿಳಿಸಿ, ಆಸ್ಪತ್ರೆಗಳಲ್ಲಿ ನಡೆದದ್ದನ್ನೂ ಬಿಡಿಸಿ ಹೇಳಿದರು. ಆಗ ನನಗೆ ಎಲ್ಲವೂ ಸ್ಪಷ್ಟವಾಯಿತು. ಅಮರೇಶನನ್ನು ಕರೆದೊಯ್ದ ಪ್ರತಿಯೊಂದು ಕಡೆಯಲ್ಲೂ ವೈದ್ಯರು ‘ಮನೆಯಲ್ಲಿ ಯಾರಿಗಾದರೂ ಇದೆಯೇ’ ಎಂದು ಕೇಳಿದ್ದರು, ಪ್ರತಿಯೊಂದು ಕಡೆಯಲ್ಲೂ ಅತ್ತೆಯೋ ಗಂಡನೋ ತಮ್ಮ ಮನೆತನದ ಪರವಾಗಿ ಇಲ್ಲವೆಂದಿದ್ದರು. ಸೊಸೆಯ ತವರು ಕುಟುಂಬದ ಲೆಕ್ಕಕ್ಕೆ ಬಂದಿರಲಿಲ್ಲ. ಸೊಸೆ ತಾನಾಗಿ ಬಾಯಿ ಬಿಟ್ಟರೆ ಕೆಟ್ಟ ರಕ್ತ ತಂದವಳೆಂಬ ಹೆಸರು ಅವಳ ಬೆನ್ನಿಗೆ. ಇದು ಅಜ್ಞಾನವಲ್ಲ, ಅನ್ಯಾಯ. ಇದರಲ್ಲಿ ಕುಟುಂಬಕ್ಕೆ ಎಷ್ಟು ಪಾಲಿದೆಯೋ, ಸೊಸೆಯತ್ತ ತಿರುಗಿಯೂ ನೋಡದೆ ಉತ್ತರ ಬರೆದುಕೊಂಡ ವೈದ್ಯರಿಗೂ ಅಷ್ಟೇ ಪಾಲಿದೆ. ನಾನು ಶರಣಮ್ಮನಿಗೆ ಹೇಳಿದೆ: ನಿಮ್ಮ ಪರವಾಗಿ ನಾನು ಈ ಮಾತು ಆಡುವುದಿಲ್ಲ. ಆದರೆ ಡಾಕ್ಟರ ಮುಂದೆ ನೀವು ಹೇಳಲೇಬೇಕು. ಮಗನಿಗೆ ಉಳಿದಿರುವಷ್ಟು ಕಿಡ್ನಿ ಆ ಮಾತಿನ ಮೇಲೆ ನಿಂತಿದೆ.

ಕಲ್ಲೂರಿನ ಮೇಲೆ ರಾಯಚೂರಿಗೆ ಬಂದೆವು. ಆಸ್ಪತ್ರೆಯ ಪಡಸಾಲೆ ತುಂಬಿತ್ತು. ಗದ್ವಾಲ, ಯಾದಗಿರಿ ಕಡೆಯವರೂ ಇದ್ದರು. ಮಧ್ಯಾಹ್ನದ ಹೊತ್ತಿಗೆ ಅಮರೇಶನ ಹೆಸರು ಕೂಗಿದರು. ಅವನಿಗೆ ಕೇಳಿಸದೆ ಮತ್ತೆ ಕೂಗಬೇಕಾಯಿತು.

ವೈದ್ಯೆ ನಡುವಯಸ್ಸಿನವರು, ತೆಲುಗಿನ ಎಳೆತವಿದ್ದ ಕನ್ನಡ. ಮಾನ್ವಿಯ ವರದಿಯನ್ನು ಎರಡು ಸಲ ಓದಿದರು, ಅಮರೇಶನ ಕಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕುಟುಂಬದಲ್ಲಿ ಬೇರೆ ಯಾರಿಗೆ ಎಂದು ಕೇಳಿದ ತಕ್ಷಣ ಗೌರಮ್ಮ ಮುಂದೆ ಬಂದು ಮಾವನ ಕಿವಿಯ ಕಥೆಯನ್ನು ಬಾವಿಯ ಸಮೇತ ಹೇಳಿದರು. ವೈದ್ಯೆ ಕೈಯೆತ್ತಿ ನಿಲ್ಲಿಸಿದರು.

“ಅದು ತಂದೆ ಕಡೆ ಮಾತು. ಈ ರೋಗ ಹೆಚ್ಚಾಗಿ ತಾಯಿ ಕಡೆಯಿಂದ ಬರ್ತದೆ. ನೀವು ಹೇಳಮ್ಮಾ.”

ಶರಣಮ್ಮ ಸೆರಗನ್ನು ಬೆರಳಿಗೆ ಸುತ್ತಿದರು. ಆಮೇಲೆ ಅವರು ಮಾತಾಡಿದ್ದು ತವರಿನ ದನಿಯಲ್ಲಿ, ಹೊರಗಿನ ಪಡಸಾಲೆಗೂ ಕೇಳುವಷ್ಟು ಜೋರಾಗಿ.

“ನನ್ನ ತಮ್ಮಂದಿರು ಇಬ್ಬರೂ ಕೆಪ್ಪರಿದ್ರು ರೀ. ಇಬ್ಬರಿಗೂ ಹಿಂಗ ಕಾಲು ಬಾತ್ವು. ಮೂವತ್ತು ಮುಟ್ಟಲಿಲ್ಲ. ನಮ್ಮವ್ವನ ಅಣ್ಣಗೂ ಹಿಂಗ ಆಗಿತ್ತಂತ.”

ವೈದ್ಯೆ ಪೆನ್ನು ಕೆಳಗಿಟ್ಟು ರೋಗದ ಹೆಸರು ಹೇಳಿದರು: ಆಲ್‌ಪೋರ್ಟ್ ಸಿಂಡ್ರೋಮ್. ಹುಟ್ಟಿನಿಂದಲೇ ಬರುವ ದೋಷ. ಕಿಡ್ನಿಯ ಸೋಸುವ ಪೊರೆ, ಒಳಕಿವಿ, ಕಣ್ಣು ಮೂರನ್ನೂ ಕಾಡುತ್ತದೆ. ಖಚಿತಪಡಿಸಲು ರಕ್ತವನ್ನು ಹೈದರಾಬಾದಿಗೆ ಕಳುಹಿಸಬೇಕು. ಕಿಡ್ನಿಗೆ ಸೂಜಿ ಚುಚ್ಚುವ ಪರೀಕ್ಷೆಗೆ ಈಗ ಅವಸರವಿಲ್ಲ. ಅಮರೇಶನ ಮುಖ ಊದಿಸಿದ್ದ ಗುಳಿಗೆಯಿಂದ ಈ ರೋಗಕ್ಕೆ ಪ್ರಯೋಜನವಿಲ್ಲವೆಂದು ಅದನ್ನು ಹಂತಹಂತವಾಗಿ ನಿಲ್ಲಿಸಲು ಬರೆದುಕೊಟ್ಟರು. ರೋಗ ವಾಸಿಯಾಗದು, ಆದರೆ ರಕ್ತದೊತ್ತಡದ ಸಾಮಾನ್ಯ ಮಾತ್ರೆಯೊಂದು ಅದರ ನಡಿಗೆಯನ್ನು ನಿಧಾನಿಸುತ್ತದೆ. ಡಯಾಲಿಸಿಸ್ ಈಗ ಬೇಡ. ನೋವಿನ ಇಂಜೆಕ್ಷನ್ ಎಂದೆಂದಿಗೂ ಬೇಡ.

ನಂತರ ಶರಣಮ್ಮನ ಮೂತ್ರ ಪರೀಕ್ಷೆಗೂ ಬರೆದರು. ಈ ದೋಷ ಹೊತ್ತ ಹೆಂಗಸರಿಗೂ ತಡವಾಗಿ ಕಿಡ್ನಿ ಕೆಡಬಹುದು. ಮಗನಿಗಾಗಿ ಎಲ್ಲ ಆಸ್ಪತ್ರೆ ಸುತ್ತಿದ ಆ ತಾಯಿಯನ್ನು ಯಾರೊಬ್ಬರೂ ಪರೀಕ್ಷಿಸಿರಲಿಲ್ಲ. ಫಲಿತಾಂಶ ಸಂಜೆಯೊಳಗೆ ಬಂತು: ಅವರ ಮೂತ್ರದಲ್ಲೂ ರಕ್ತದ ಅಂಶವಿತ್ತು.

ತವರಿನ ಹೆಣ್ಣುಮಕ್ಕಳ ಮಕ್ಕಳನ್ನೆಲ್ಲ ಪರೀಕ್ಷೆಗೆ ಕರೆತರಬೇಕೆಂದು ವೈದ್ಯೆ ಹೇಳಿದ್ದರಿಂದ ಶರಣಮ್ಮ ಪಡಸಾಲೆಯಿಂದಲೇ ತಾಯಿಗೆ ಫೋನು ಮಾಡಿ ನಡೆದದ್ದೆಲ್ಲವನ್ನೂ ಕೂಗಿ ಹೇಳಿದರು. ಆ ಕಡೆಯಿಂದ ಈರಮ್ಮನ ದನಿ ನಮಗೂ ಕೇಳಿಸಿತು:

“ಮೆಲ್ಲಕ ಹೇಳ ಯವ್ವಾ, ನನಗೇನು ಕಿವಿ ಹೋಗಿಲ್ಲ.” ಆಮೇಲೆ, “ಬೀಗತಿ ಮುಂದನ ಹೇಳಿದ್ಯಾ?” ಎಂದರು.

ಗೌರಮ್ಮ ಬೆಂಚಿನ ತುದಿಯಲ್ಲಿ ಕುಳಿತಿದ್ದರು.  ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಅಮರೇಶನಿಗೆ ಬಿಟ್ಟುಕೊಟ್ಟು, ಅವನಿಗೂ ಸೊಸೆಗೂ ನಡುವೆ ಕುಳಿತರು. ಇಷ್ಟು ವರ್ಷ ಸೊಸೆ ಏಕೆ ಸುಮ್ಮನಿದ್ದಳೆಂದು ಈಗಲಾದರೂ ತಿಳಿಯಿತೇ ಎಂದು, ಬೀಳ್ಕೊಡಲು ಕೆಳಗೆ ನಿಂತಿದ್ದ ನಾನು ಕೇಳಿದೆ.

“ತಿಳೀದೇನ್ರೀ? ಮೊದ್ಲ ಹೇಳಿದ್ರ ನಾನ ಅಕಿನ್ನ ಮನಿ ಬಿಟ್ಟು ಹೊರಗ ಹಾಕ್ತಿದ್ದೆ,” ಎಂದರು ಗೌರಮ್ಮ. “ಅದಕ್ಕ ಹೇಳಿಲ್ಲ ಅಕಿ.”

ಬಸ್ಸು ಹೊರಟಾಗ ಕಿಟಕಿಯತ್ತ ನೋಡಿದೆ. ಗೌರಮ್ಮ ಅಮರೇಶನ ಭುಜ ಮುಟ್ಟಿ, ಮುಖಕ್ಕೆ ಮುಖ ಕೊಟ್ಟು ಏನನ್ನೋ ಹೇಳುತ್ತಿದ್ದರು. ಆ ರೀತಿಯನ್ನು ಅವರು ಹಿಂದಿನ ಸಂಜೆ ಬಾಗಲವಾಡದಲ್ಲಿ ನೋಡಿದ್ದರು.

ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ನನ್ನ ಬೇಡಿಕೆ ಇದು. ಕಿವಿಯಂತ್ರ ಹಂಚುವ ಪ್ರತಿಯೊಂದು ಶಿಬಿರದಲ್ಲಿ, ಯಂತ್ರವನ್ನು ಕೈಗಿಡುವ ಮೊದಲು ಆ ಮಗುವಿನ ಮೂತ್ರವನ್ನು ಪರೀಕ್ಷಿಸಿ. ಅದಕ್ಕೆ ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಾಗುವ ಒಂದು ಪಟ್ಟಿ ಸಾಕು. ದೇವದುರ್ಗಕ್ಕೂ ಮಾನ್ವಿಗೂ ತಿಂಗಳಿಗೊಮ್ಮೆ ಕಿಡ್ನಿ ತಜ್ಞರನ್ನು ಕಳುಹಿಸಿ. ಅವರು ಬಂದ ದಿನ ತಾಯಿಯನ್ನು ಒಬ್ಬಳನ್ನೇ ಒಳಗೆ ಕರೆದು, ಬಾಗಿಲು ಮುಚ್ಚಿ, ಅವಳ ತವರಿನ ಬಗ್ಗೆ ಅವಳನ್ನೇ ಕೇಳಿ.