ಸೀತಾಳೆ ದಂಡೆ ಕದ್ದವರು

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆ ಮುಂದಿನ ಹಲಸಿನ ಮರ ಬೋಳು. ಎಲೆ ಇತ್ತು, ಕಾಯಿಯೂ ಇತ್ತು. ಕೈಗೆಟಕುವ ಕವೆಯಲ್ಲಿ ಕೂತಿದ್ದ ಸೀತಾಳೆ ದಂಡೆ ಮಾತ್ರ ಇರಲಿಲ್ಲ.

ಬಣಕಲ್ ಕಡೆಯವರಿಗೆ ಈ ಹೂವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಇದು ಕಾಡುಮರದ ತೊಗಟೆಗೆ ಬೇರು ಅಂಟಿಸಿಕೊಂಡು ಬದುಕುವ ಆರ್ಕಿಡ್. ಮಳೆ ಹಿಡಿಯುವ ಹೊತ್ತಿಗೆ ನೇರಳೆ ಚುಕ್ಕೆಯ ಹೂಗೊಂಚಲನ್ನು ಜಡೆಯ ಹಾಗೆ ಇಳಿಬಿಡುತ್ತದೆ. ಅಮ್ಮ ತೀರಿಕೊಂಡ ವರ್ಷ ಆಲ್ದೂರಿನ ತವರಿನಿಂದ ತಂದು, ಅವಳದೇ ಹಸಿರು ವಾಯಿಲ್ ಸೀರೆಯ ಪಟ್ಟಿ ಹರಿದು ಕಟ್ಟಿದ್ದೆ. ಈ ಸಲವೂ ಮೊಗ್ಗು ಬಿಟ್ಟಿತ್ತು. ನನಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು.

ಮಂಗ ಕಿತ್ತಿರಬೇಕು ಅಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. ಬಟ್ಟೆ ಪಟ್ಟಿಯ ಸಮೇತ ನಾಜೂಕಾಗಿ ಬಿಡಿಸಿಕೊಂಡು ಹೋಗುವ ಮಂಗ ಯಾವುದು?

ಮೊದಲ ಅನುಮಾನ ಬೈಕಿನವರ ಮೇಲೆ. ಚಾರ್ಮಾಡಿ ನೋಡಲು ಹೊರಟ ಇಬ್ಬರು ನೀರು ಕೇಳಿಕೊಂಡು ಬಂದು, ಗಿಡದ ಮುಂದೆಯೇ ಒಂದು ರೋಲ್ ಫೋಟೋ ಮುಗಿಸಿದ್ದರು. (ಬರೀ ಬಾಯಾರಿದವರಿಗೆ ಅಷ್ಟು ದೊಡ್ಡ ಬ್ಯಾಗ್ ಯಾಕೆ?) ಆದರೆ ಅವರು ಹೋದ ಮೇಲೂ ಗಿಡ ಇತ್ತು.

ಪಕ್ಕದ ಎಸ್ಟೇಟಿನ ಸರೋಜಕ್ಕ ಫೋನಿನಲ್ಲಿ ಸಮಾಧಾನ ಹೇಳಿದರು. ಹಿಂದಿನ ದಿನವಷ್ಟೇ ನಮ್ಮಲ್ಲಿ ಕಾಫಿ ಕುಡಿದು, ಮೊಗ್ಗು ನೋಡಿ ಹೊಗಳಿ ಹೋಗಿದ್ದರು. ಪಾಪ, ಅವರಿಗೂ ಬೇಜಾರು. ಕೆಲಸದವರ ಮೇಲೆ ಒಂದು ಕಣ್ಣಿರಲಿ ಅಂದರು.

ಕಣ್ಣಿಟ್ಟೆ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಗಿರಿಜ ಹೋದ ವರ್ಷ ಒಂದು ತುಂಡು ಕೊಡಿ ಅಮ್ಮ ಅಂತ ಕೇಳಿದ್ದಳು. ಹೂ ಮುಗಿಯಲಿ ಅಂದಿದ್ದೆ, ಕೊಟ್ಟಿರಲಿಲ್ಲ. ಆಸೆಯಂತೂ ಇತ್ತಲ್ಲ? ಸಂಜೆ ಅವಳು ಹೊರಟಾಗ ನನ್ನ ಕಣ್ಣು ಅವಳ ಊಟದ ಚೀಲದ ಮೇಲೆ ಹೋಯಿತು. ಬಾಯಿಬಿಟ್ಟು ಏನೂ ಕೇಳಲಿಲ್ಲ. ನಾನು ನೋಡಿದ್ದನ್ನು ಅವಳು ನೋಡಿದಳು.

ಮಾರನೆಯ ದಿನ ಅವಳು ಕೆಲಸಕ್ಕೆ ಬರಲಿಲ್ಲ. ಅಲ್ಲಿಗೆ ಅನುಮಾನ ಗಟ್ಟಿಯಾಯಿತು.

ಆ ವಾರವೇ ಸರೋಜಕ್ಕನ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಕೈ ತೊಳೆಯುವಾಗ ಅತ್ತಿಮರದ ಮೇಲೆ ಹಸಿರು ವಾಯಿಲ್ ಕಂಡಿತು. ಗಿಡ ಆರಾಮಾಗಿತ್ತು. ಸರೋಜಕ್ಕನೂ ಆರಾಮಾಗಿದ್ದರು.

"ಕೇಳಿ ತಂದ ಗಿಡ ಹಿಡಿಯಲ್ಲ ಮಾರಾಯ್ತಿ, ಕದ್ದು ತಂದ್ರೇ ಹೂ ಬಿಡೋದು. ಇದನ್ನ ಯಾರಾದ್ರೂ ಕಳ್ಳತನ ಅಂತಾರಾ? ಶಾಸ್ತ್ರ ಅಲ್ವಾ?"

ನಮ್ಮ ಕಡೆ ಈ ನಂಬಿಕೆ ಇರುವುದು ನಿಜ. ಕರಿಬೇವು, ದಾಸವಾಳ ಎಲ್ಲವೂ ಹೀಗೆಯೇ ಬೇಲಿ ದಾಟುತ್ತವೆ. (ನಾನು ತವರಿನಿಂದ ಕೇಳಿಯೇ ತಂದಿದ್ದೆ. ಚೆನ್ನಾಗಿಯೇ ಹಿಡಿದಿತ್ತು.) ಆದರೆ ಇದೇ ಶಾಸ್ತ್ರವನ್ನು ಗಿರಿಜ ಮಾಡಿದ್ದರೆ? ಆ ಗಿಡವನ್ನು ಬಾಯಿಬಿಟ್ಟು ಕೇಳಿದವಳು ಅವಳೊಬ್ಬಳೇ. ಕೇಳಿದ್ದಕ್ಕೇ ಕಳ್ಳಿಯಾದಳು.

ಗಿಡ ಬಿಚ್ಚಿಕೊಂಡು ಬಂದು ಹಲಸಿನ ಮರಕ್ಕೆ ಮತ್ತೆ ಕಟ್ಟಿದೆ. ಒಂದು ತುಂಡು ಹಿಡಿದು ನೇರವಾಗಿ ಗಿರಿಜಳ ಮನೆಗೆ ಹೋದೆ. ಸರೋಜಕ್ಕನ ಕತೆ ಹೇಳಿ, ತಪ್ಪಾಯಿತು ಅಂದೆ. ಅವಳು ಕೈ ಚಾಚಲಿಲ್ಲ.

"ಬೇಡ ಅಮ್ಮ. ನಮ್ಮನೆ ಮರದಲ್ಲಿ ಇದು ಕಂಡ್ರೆ, ಎಲ್ಲಿಂದ ತಂದೆ ಅಂತ ಇನ್ಯಾರಾದ್ರೂ ಕೇಳ್ತಾರೆ."

ಮರುದಿನ ಕೆಲಸಕ್ಕೇನೋ ಬಂದಳು. ಸಂಜೆ ಹೊರಡುವ ಮೊದಲು ಜಗುಲಿಯ ಮೇಲೆ ಚೀಲ ಬಿಚ್ಚಿ, ಖಾಲಿ ಬುತ್ತಿ ಡಬ್ಬಿ ತೆರೆದು ತೋರಿಸಿದಳು. ಬೇಡ ಅಂದರೂ ಈಗ ದಿನಾ ಹಾಗೆಯೇ ಮಾಡುತ್ತಾಳೆ. ನನಗೆ ಆ ಹೊತ್ತಿಗೆ ಹೊರಗೆ ಬರಲು ಮುಖವಿಲ್ಲ.

ನಿನ್ನೆ ಸರೋಜಕ್ಕ ಬಂದಿದ್ದರು. ಕಾಫಿ ಕುಡಿದು, ಅಂಗಳವೆಲ್ಲ ಓಡಾಡಿ ಹೋದರು. ಹೋಗುವಾಗ ಅವರ ವಯರ್ ಬುಟ್ಟಿಯ ಮೇಲೆ ಒಂದು ಟವೆಲ್ ಮುಚ್ಚಿತ್ತು.

ಟವೆಲ್ ಸರಿಸಿ ತೋರಿಸಿ ಅನ್ನಲು ನನಗೆ ಬಾಯಿ ಬರಲಿಲ್ಲ, ನಿಮಗೆ ಬರುತ್ತಿತ್ತೇ?