ಕೂಸಿಗೆ ಎರೆಯುವ ಕಾಲು

ನಮ್ಮ ಮನೆಯಲ್ಲಿ ನೆಲಕ್ಕೆ ಕೆಲಸವಿಲ್ಲದಂತಾಗಿ ಬಹಳ ವರ್ಷಗಳಾದವು. ಊಟಕ್ಕೆ ಮೇಜು ಬಂತು, ಟಿವಿಯ ಮುಂದೆ ಸೋಫಾ ಬಂತು, ರೊಟ್ಟಿ ಬಡಿಯುವುದಕ್ಕೆ ನಿಂತೇ ಕೆಲಸ ಮಾಡುವ ಕಟ್ಟೆ ಬಂತು, ಬಚ್ಚಲಿಗೆ ಪ್ಲಾಸ್ಟಿಕ್ ಸ್ಟೂಲು ಬಂತು. ಕಲಬುರಗಿಯ ಜೇವರ್ಗಿ ಕಾಲೋನಿಯ ಈ ಮನೆ ಕಟ್ಟಿಸುವಾಗ, ಬೇಸಿಗೆಯಲ್ಲಿ ಬೆನ್ನಿಗೆ ತಂಪಾಗಿರಲೆಂದು ಆಸೆಪಟ್ಟು ಹಾಕಿಸಿದ ಶಹಾಬಾದಿ ಕಲ್ಲಿನ ಪರಸಿಗೆ ಈಗ ಒರೆಸಿಕೊಳ್ಳುವುದೊಂದೇ ಭಾಗ್ಯ. ಸರಕಾರಿ ಕಚೇರಿಯೊಂದರಲ್ಲಿ ಕುರ್ಚಿಯ ಮೇಲೆಯೇ ಆಯುಷ್ಯ ಕಳೆದು ನಿವೃತ್ತಳಾದವಳು ನಾನು. ನೆಲದ ಮೇಲೆ ಕೂರುವ ಪ್ರಸಂಗವೇ ಬರುತ್ತಿರಲಿಲ್ಲ, ಬಂದರೂ ಏನಾದರೊಂದು ನೆವ ಹೇಳಿ ಜಾರಿಕೊಳ್ಳುತ್ತಿದ್ದೆ. ಮೊಣಕಾಲು ಮಾತ್ರ ಎಲ್ಲವನ್ನೂ ಲಕ್ಷ್ಯವಿಟ್ಟು ನೋಡುತ್ತಿತ್ತು ಅಂತ ಕಾಣುತ್ತದೆ. ಏಳುವಾಗೊಮ್ಮೆ ಕಟಕ್ ಅನ್ನುವುದು, ಮೆಟ್ಟಿಲಿಳಿಯುವಾಗ ಇನ್ನೊಮ್ಮೆ ಅನ್ನುವುದು, ಹೀಗೆ ತನ್ನ ತಕರಾರನ್ನು ದಾಖಲಿಸುತ್ತಲೇ ಇತ್ತು.

ಅಷ್ಟರಲ್ಲಿ ಬೀದರದಲ್ಲಿ ಶಿಕ್ಷಕಿಯಾಗಿರುವ ಮಗಳು ಸುಧಾ ಬಸುರಿಯಾದ ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕಲ್ಲ! ಹಿಗ್ಗಿನಿಂದ ಮನೆಯೆಲ್ಲ ಓಡಾಡಿದೆ. ಓಡಾಡಿ ಕಾಲು ಹಿಡಿದುಕೊಂಡು ಕುಳಿತಾಗ ಎದೆಯೊಳಗೆ ಸಣ್ಣದೊಂದು ಭಯ ಹೊಕ್ಕಿತು. ಕೂಸಿಗೆ ಎರೆಯುವವರು ಯಾರು? ನೀವು ನೋಡಿರುತ್ತೀರಿ: ನಮ್ಮ ಕಡೆ ಅಜ್ಜಿಯಾದವಳು ಬಚ್ಚಲಲ್ಲಿ ನೆಲಕ್ಕೆ ಕುಳಿತು ಎರಡೂ ಕಾಲು ನೀಳವಾಗಿ ಚಾಚಿ, ಆ ಕಾಲುಗಳನ್ನೇ ತೊಟ್ಟಿಲು ಮಾಡಿ, ಅಲ್ಲಿ ಕೂಸನ್ನು ಮಲಗಿಸಿ ಎಣ್ಣೆ ತೀಡಿ ನೀರು ಹಾಕುತ್ತಾಳೆ. ಸುಧಾ ಹುಟ್ಟಿದಾಗ ನಮ್ಮವ್ವ ಎರೆದಿದ್ದಳು. ಎರೆಯುವವರು ಈಗ ಸಂಬಳಕ್ಕೂ ಸಿಗುತ್ತಾರೆ, ಟಬ್ಬುಗಳೂ ಸಿಗುತ್ತವೆ. ಆದರೆ ನನ್ನ ಮೊಮ್ಮಗು ನನ್ನ ಕಾಲ ಮೇಲೆ ಮಲಗಬೇಕು ಎಂಬ ಆಸೆ ನನಗೆ ಹಟದಷ್ಟೇ ಗಟ್ಟಿಯಾಗಿತ್ತು. ಹಟಕ್ಕೆ ತಕ್ಕ ಕಾಲುಗಳು ಮಾತ್ರ ಇರಲಿಲ್ಲ.

ನಾನು ಹುಡುಕಿದ ಉಪಾಯ ನಮ್ಮ ಸೀಮೆಯವರಿಗಷ್ಟೇ ಹೊಳೆಯುವಂಥದ್ದು. ಬಾಣಂತಿಯ ಸೊಂಟ, ಕೀಲು ಗಟ್ಟಿಯಾಗಲೆಂದು ನಾವು ಅಂಟಿನ ಉಂಡಿ ಕಟ್ಟುತ್ತೇವೆ. ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ. ಬಾಣಂತಿಯ ಕೀಲಿಗೆ ಒಳ್ಳೆಯದಾದದ್ದು ಬಾಣಂತಿಯ ತಾಯಿಯ ಕೀಲಿಗೆ ಏಕಾಗಬಾರದು? ಸುಧಾಳ ಹೆರಿಗೆಗೆ ಇನ್ನೂ ಕಾಲವಿರುವಾಗಲೇ ಡಬ್ಬಿ ತುಂಬ ಕಟ್ಟಿಟ್ಟುಕೊಂಡು, ಮುಂಜಾನೆ ಒಂದು ಸಂಜೆ ಒಂದು ತಿಂದು, ಮೊಣಕಾಲಿಗೆ ವಿಶ್ರಾಂತಿ ಬೇಕೆಂದು ಸೋಫಾದ ಮೇಲೆ ಕಾಲು ಚಾಚಿದೆ. ಉಂಡಿ ತನ್ನ ಕೆಲಸ ತಾನು ಮಾಡಿತು. ರವಿಕೆಗಳು ಬಿಗಿಯಾದವು, ಕಾಲು ಇನ್ನಷ್ಟು ಬಿಗಿಯಾಯಿತು.

ಕಾಲೋನಿಯ ದವಾಖಾನೆಯ ಡಾಕ್ಟರಮ್ಮ ಸುಧಾಳ ವಯಸ್ಸಿನ ಹುಡುಗಿ. ಎಕ್ಸರೇ ಬೆಳಕಿಗೆ ಹಿಡಿದು, ನನ್ನ ಉಂಡಿಯ ಕಥೆ ಕೇಳಿ, ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಉಂಡಿ ಮಗಳಿಗೆ ಬಿಡ್ರಿ ಅಮ್ಮಾ. ಕೀಲು ಸ್ವಲ್ಪ ಸವದದ, ಆಪರೇಷನ್ ಏನೂ ಬ್ಯಾಡ. ಮೈಭಾರ ಇಳಸ್ರಿ, ತೊಡಿ ಗಟ್ಟಿ ಮಾಡ್ಕೋರಿ. ತೊಡಿ ಹೊರಬೇಕಾದ ಭಾರ ಮೊಣಕಾಲು ಹೊರಲಾಕತ್ತದ, ಅದಕ್ಕ ನೋಯ್ತದ" ಎಂದಳು. ಕಾಲು ನೀಳ ಮಾಡಿ ಮೆಲ್ಲಗೆ ಎತ್ತಿ ಇಳಿಸುವುದನ್ನು ತೋರಿಸಿಕೊಟ್ಟಳು. ರಕ್ತದ ತಪಾಸಣೆಯ ವರದಿ ಬಂದಾಗ ಇನ್ನೊಂದು ತಮಾಷೆ: ಬಿಸಿಲಿನಿಂದ ದೊರೆಯುವ ಜೀವಸತ್ವವೇ ನನ್ನಲ್ಲಿ ಕಡಿಮೆಯಂತೆ. ಕಲಬುರಗಿಯಲ್ಲಿದ್ದು ಬಿಸಿಲಿಗೆ ಬರ! ಹೊಳೆಯ ದಂಡೆಯಲ್ಲಿ ಮನೆ ಮಾಡಿ ನೀರಡಿಸಿ ಕುಳಿತವರ ಕಥೆ ನನ್ನದಾಗಿತ್ತು.

ಆ ವಾರವೇ ಕಮಲಾಪುರಕ್ಕೆ ಹೋದೆ. ಅಲ್ಲಿ ನನ್ನ ಅಕ್ಕ ನೀಲಮ್ಮ ಇದ್ದಾಳೆ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ಮಾತಿನಲ್ಲಿ ನನಗಿಂತ ಹದಿನಾಲ್ಕು ಪಟ್ಟು ಜೋರು, ಓಣಿಯ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ಕರೆ ಬರುವುದು ಅವಳಿಗೇ. ತೋಟದ ಕೆಂಪು ಬಾಳೆಯ ಗೊನೆಗಳ ನಡುವೆ ಅವಳು ಬಗ್ಗಿ, ಎದ್ದು, ಕುಕ್ಕರುಗಾಲಲ್ಲಿ ಕುಳಿತು ಕಸ ಕೀಳುತ್ತಿದ್ದುದನ್ನು ನಾನು ಬದುವಿನ ಮೇಲೆ ನಿಂತು ನೋಡಿದೆ, ನೋಡುತ್ತಲೇ ನಿಂತುಬಿಟ್ಟೆ. ಕೈಯೂರದೆ ನೆಲದಿಂದ ಎದ್ದು ನಿಲ್ಲುವ ಆ ಪರಿ ಎಷ್ಟು ಚಂದ! ಯಾವ ಅವಸರವೂ ಇಲ್ಲ, ಯಾವ ನರಳಿಕೆಯೂ ಇಲ್ಲ. ಮೊದಲು ಪಾದ ನೆಲವನ್ನು ಹಿಡಿಯುತ್ತದೆ, ಆಮೇಲೆ ತೊಡೆ ಭಾರ ತೆಗೆದುಕೊಳ್ಳುತ್ತದೆ, ಬೆನ್ನು ತನ್ನ ಪಾಡಿಗೆ ತಾನು ನೆಟ್ಟಗಾಗುತ್ತದೆ. ನನ್ನ ಅಕ್ಕ ಇಷ್ಟು ಚೆಲುವೆ ಎಂದು ಆ ದಿನದವರೆಗೆ ನನಗೆ ಅನಿಸಿರಲಿಲ್ಲ.

"ಏನ ನೋಡ್ಲಾಕತ್ತೀ ಹಂಗ? ನನ್ನಂಥಾಕಿ ಈ ತಾಲೂಕಿನ್ಯಾಗ ಇಲ್ಲ, ಗೊತ್ತೇನು?" ಎಂದಳು. ವಿನಯ ಎಂಬುದನ್ನು ಅವಳು ಯಾವತ್ತೂ ಮನೆಯೊಳಗೆ ಬಿಟ್ಟುಕೊಂಡವಳಲ್ಲ.

ಮಧ್ಯಾಹ್ನ ಅವಳ ತಾಟು ನೋಡಿದೆ: ಜೋಳದ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ತೊಗರಿಬ್ಯಾಳಿ, ಅಗಸಿ ಹಿಂಡಿ, ಒಂದು ವಾಟಿ ಮೊಸರು, ಕಡೆಗೊಂದು ಕೆಂಪು ಬಾಳೆಹಣ್ಣು. ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಟ್ಟ ಊಟಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನಿರಲಿಲ್ಲ. ನನ್ನ ಮನೆಯಲ್ಲಿಯೂ ಇವೆಲ್ಲ ಇದ್ದವು, ಆದರೆ ಇವುಗಳ ಜೊತೆ ಖಾರಾ, ಬಿಸ್ಕೀಟು, ಮತ್ತೆ ಆ ಉಂಡಿಯೂ ಇದ್ದವು. "ನಿನಗ ಎಲ್ಲೂ ನೋಯಂಗಿಲ್ಲೇನಕ್ಕ?" ಎಂದು ಕೇಳಿದೆ.

"ನೋಯ್ಲಾರದ ಏನು? ಎಲ್ಲಾ ನೋಯ್ತದ. ಹೆಚ್ಚಾದ್ರ ಒಂದಿನ ಆರಾಮ ತಗೋತೀನಿ, ಮತ್ತ ಏಳ್ತೀನಿ. ನೋವು ಬಂದದಂತ ಕುಂತೇಬಿಟ್ರ, ಅದೂ ನಮ್ಮ ಬಾಜೂಕ ಚಾಪಿ ಹಾಸ್ಕೊಂಡು ಕುಂದರ್ತದ."

ನೆಂಟಸ್ತನ ಹೋಗಿ ಬಂದು ಮಾಡಿದರಷ್ಟೇ ಉಳಿಯುತ್ತದೆ ಎನ್ನುತ್ತಾರೆ. ಎರಡು ಎಲುಬುಗಳ ನಡುವಿನ ಸಂಬಂಧವೂ ಹಾಗೆಯೇ ಎಂದು ಆ ಮಧ್ಯಾಹ್ನ ನನಗನಿಸಿತು. ನಾವು ಹಲ್ಲು ತಿಕ್ಕುತ್ತೇವೆ, ತಲೆ ಬಾಚುತ್ತೇವೆ, ಮುಖಕ್ಕೆ ಏನೇನೋ ಹಚ್ಚುತ್ತೇವೆ. ಹುಟ್ಟಿದಂದಿನಿಂದ ನಮ್ಮನ್ನು ಹೊತ್ತು ಗುಡಿಗೂ ಸಂತೆಗೂ ತಿರುಗಿಸುವ ಈ ಕೀಲುಗಳ ಸುದ್ದಿ ತೆಗೆಯುವುದು ಅವು ಮುನಿಸಿಕೊಂಡ ಮೇಲೆಯೇ. ಇಷ್ಟು ದಿನ ತಡೆದುಕೊಂಡದ್ದಕ್ಕೆ ಅವುಗಳಿಗೆ ಕೈ ಮುಗಿಯಬೇಕು.

ಅಕ್ಕ ನನ್ನನ್ನು ಒಮ್ಮೆಲೇ ನೆಲಕ್ಕೆ ಕೂರಿಸಲಿಲ್ಲ. ಮೊದಲು ಹೊರಸಿನ ಮಂಚದ ತುದಿಯಲ್ಲಿ ಕೂತು ಕೈಯೂರದೆ ಏಳು ಅಂದಳು. ಅದು ಬಂದ ಮೇಲೆ ಗಿಡ್ಡ ಸ್ಟೂಲಿನಿಂದ, ಅದೂ ಬಂದ ಮೇಲೆ ಮಣೆಯಿಂದ. ಇದನ್ನು ಫೋನಿನಲ್ಲಿ ಕೇಳಿದ ಡಾಕ್ಟರಮ್ಮ, "ನೋವು ಹೆಚ್ಚಾದ್ರ ಅಲ್ಲೇ ನಿಲ್ಲಸ್ರಿ, ಜಬರದಸ್ತಿ ಬ್ಯಾಡ" ಎಂಬ ಶರತ್ತಿನ ಮೇಲೆ ಒಪ್ಪಿದಳು. ಕಲಬುರಗಿಗೆ ಮರಳಿದ ಮೇಲೆ ಪಕ್ಕದ ಮನೆಯ ಶಮೀಮ್ ಆಪಾ ಜೊತೆಯಾದರು. ಬೆಳಗಿನ ಎಳೆಬಿಸಿಲಿನಲ್ಲಿ ಗೇಟು ಬಡಿದು, "ಚಲೋ ರೀ ಬಾಯಿ, ಕುಂತ್ರ ಕೀಲಿಗೆ ಜಂಗ್ ಹತ್ತತದ, ತುಕ್ಕು ಹಿಡೀತದ" ಎಂದು ಕೂಗುವರು. ಆ ಕೂಗಿಗೆ ಓಣಿಯೇ ಎದ್ದಮೇಲೆ ನಾನೊಬ್ಬಳು ಮಲಗಿರುವುದು ಹೇಗೆ? ನಡೆದೆ. ಕಾಲೆತ್ತಿ ಇಳಿಸಿದೆ. ಬಾಯಿ ಕಟ್ಟಿದೆ, ಅದೇ ಎಲ್ಲಕ್ಕಿಂತ ಕಷ್ಟದ್ದು. ಕೆಲವು ದಿನ ಮುಂದೆ ಹೋದೆ, ಕೆಲವು ದಿನ ಮೊಣಕಾಲು ಊದಿ ಮತ್ತೆ ಹೊರಸಿನ ತುದಿಗೇ ಬಂದೆ. ಸುಧಾ ಏಳನೆಯ ತಿಂಗಳಿಗೆ ತವರಿಗೆ ಬಂದಾಗ ಮಣೆಯವರೆಗೆ ಇಳಿದಿದ್ದೆ. ನೆಲ ಇನ್ನೂ ದೂರವಿತ್ತು, ಮತ್ತು ಹೆರಿಗೆಯ ದಿನ ನನಗಾಗಿ ಕಾಯುವಂತಿರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಹೊಕ್ಕುಳಬಳ್ಳಿ ಬಿದ್ದು ಒಣಗಿ, ಡಾಕ್ಟರಮ್ಮ ಇನ್ನು ಎರೆಯಬಹುದು ಎಂದ ದಿನ ಅಕ್ಕ ಕಮಲಾಪುರದಿಂದ ಬಂದಳು. ಕಿವಿಗೂ ಮೂಗಿಗೂ ಎಣ್ಣೆ ಬಿಡಕೂಡದು ಎಂಬ ಡಾಕ್ಟರಮ್ಮನ ಮಾತಿಗೆ ಸ್ವಲ್ಪ ಗೊಣಗಿ, "ಆಯ್ತು, ಓದಿದವರ ಮಾತು" ಎಂದು ಒಪ್ಪಿ, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿದಳು. ಇವಳೇ ಕೂರುತ್ತಾಳೆ ಎಂದುಕೊಂಡಿದ್ದೆ. ಅವಳು ತಂಬಿಗೆ ಹಿಡಿದು ಬದಿಗೆ ನಿಂತಳು.

"ಕುಂದ್ರು" ಎಂದಳು.

ಗೋಡೆ ಹಿಡಿದೆ. ಒಂದು ಕೈ ನೆಲಕ್ಕೆ ಕೊಟ್ಟೆ. ಮೆಲ್ಲಗೆ, ಬಹಳ ಮೆಲ್ಲಗೆ ಇಳಿದು ಬಚ್ಚಲ ಪರಸಿಯ ಮೇಲೆ ಕುಳಿತು ಕಾಲು ಚಾಚಿದೆ. ಸುಧಾ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು. ಅಕ್ಕ ಕೂಸನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ಅಂಗೈಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಆ ಪುಟ್ಟ ತೊಡೆ, ಪುಟ್ಟ ಮೊಣಕಾಲು ತೀಡಿದೆ. ಎಷ್ಟು ಮೆತ್ತಗಿನ ಮೊಣಕಾಲು! ಇದು ಇನ್ನು ಅಂಬೆಗಾಲಿಡಬೇಕು, ಓಡಬೇಕು, ಬೀಳಬೇಕು, ಯಾರು ಬಲ್ಲರು, ಒಂದು ದಿನ ಯಾರಿಗೋ ಎರೆಯಬೇಕು.

"ಎಡಗೈ ಬಲಗಾಲಿಗೆ ಮುಟ್ಟಸು, ಬಲಗೈ ಎಡಗಾಲಿಗೆ. ಜಗ್ಗಬ್ಯಾಡ. ಹಾಂ, ಹಂಗ" ಎನ್ನುತ್ತ ಅಕ್ಕ ಬಗ್ಗಿ ನೋಡಿದಳು. ಆಮೇಲೆ, ಏನೋ ನೆನಪಾದವಳಂತೆ, "ನೀನೂ ಹಿಂಗ ಒದಿತಿದ್ದಿ" ಎಂದಳು.

"ನಿನಗೇನು ಗೊತ್ತು? ಅವ್ವ ಎರಿತಿದ್ಲು."

"ಅವ್ವ ಎಲ್ಲಿ ಎರದಾಳ? ನಿನ್ನ ಹಡದ ಮ್ಯಾಲ ಜ್ವರ ಬಿಡ್ಲಿಲ್ಲ, ಎರಡು ತಿಂಗಳು ಮಲಗಿದ್ಲು. ಆಯಿ, ಅವ್ವನ ಅವ್ವ, ನೀರು ಹಾಕ್ತಿದ್ಲು, ನಾನು ಕಾಲ ಮ್ಯಾಲ ಹಾಕ್ಕೊಂತಿದ್ದೆ. ನಿನ್ನ ಮೊಣಕಾಲು ಬಿಡಿಸಿದಾಕಿ ನಾನು. ಮತ್ತ ಬಿಡಿಸ್ಕೊಳ್ಲಾಕ ನನ್ನ ಹತ್ರಾನೇ ಬಂದಿದ್ದಿ ನೋಡು, ಕಮಲಾಪುರಕ್ಕ."

ಎರಡೂ ಕೈ ಕೂಸಿನ ಮೇಲಿದ್ದವು, ಕಣ್ಣೊರೆಸಿಕೊಳ್ಳಲಾಗಲಿಲ್ಲ. ಅಕ್ಕ ಅದನ್ನು ಕಂಡಳು. ಕಂಡು, ನೀರು ಹಾಕಲೆತ್ತಿದ ತಂಬಿಗೆ ತಡೆದಳು.

"ಯಾಕ, ಕಾಲು ನೋಯ್ಲಾಕತ್ತಾವೇನು?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಸುಳ್ಳಲ್ಲ. ಎಷ್ಟೋ ಕಾಲದ ಮೇಲೆ, ನನಗೆ ಮೊಣಕಾಲುಗಳಿವೆ ಎಂಬುದೇ ಆ ಹೊತ್ತಿನಲ್ಲಿ ಮರೆತುಹೋಗಿತ್ತು.